ಚೆಲ್ಲದ ಡೀಸೆಲ್

ಸೋಮವಾರ ಬೆಳಗ್ಗೆ ಏಳೂ ನಲವತ್ತಕ್ಕೆ ಶಾಲೆಯ ಸಾರಿಗೆ ಮೇಲ್ವಿಚಾರಕ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರ್ ಇನ್ನೂ ಕುರ್ಚಿಗೆ ಬೆನ್ನು ಕೊಟ್ಟಿರಲಿಲ್ಲ. ಶಾಲೆಯ ಮೂರೂ ಬಸ್ಸುಗಳು ಶೆಡ್ಡಿನಲ್ಲೇ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿವೆ, ಯಾರೋ ಬೇಕೆಂದೇ ಕೆಡಿಸಿದ್ದಾರೆ ಎಂದು ಆತ ದೂರು ಕೊಟ್ಟ. ನಲವತ್ತರ ಆಸುಪಾಸಿನ ಮನುಷ್ಯ. ಹಳೆಯದಾದರೂ ಇಸ್ತ್ರಿ ಮಾಡಿದ ಅಂಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಎಫ್‌ಐಆರ್ ದಾಖಲಾಗುವವರೆಗೂ ಬೆಂಚಿನಿಂದ ಕದಲಲಿಲ್ಲ.

ಎಂಟೂವರೆಗೆ ಇನ್‌ಸ್ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಶಾಲೆಗೆ ಹೋದರು. ಗೇಟಿನ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಸ್ಕೂಟರಿನಲ್ಲಿ ಮೂರು ಮೂರು ಮಕ್ಕಳನ್ನು ಹೇರಿಕೊಂಡು ಬಂದ ಅಪ್ಪಂದಿರು ಪೊಲೀಸ್ ಜೀಪು ಕಂಡದ್ದೇ ತಡ, ಸಿಟ್ಟನ್ನೆಲ್ಲ ಅದರ ಮೇಲೆ ತಿರುಗಿಸಿದರು.

ಶಾಲೆಯ ಕಾರ್ಯದರ್ಶಿ ಶೆಡ್ಡಿನಲ್ಲೇ ಕಾಯುತ್ತಿದ್ದರು. ಇವರನ್ನು ಕಂಡ ಕೂಡಲೇ ಅಪರಾಧಿಯನ್ನು ಹೆಸರಿಸಿಬಿಟ್ಟರು. ಎರಡು ತಿಂಗಳ ಹಿಂದೆ ಶಾಲೆ ಐದು ಬಸ್ಸುಗಳನ್ನು ಮೂರಕ್ಕೆ ಇಳಿಸಿತ್ತು. ಹತ್ತಿರ ಹತ್ತಿರದ ನಿಲುಗಡೆಗಳನ್ನು ಒಂದು ಮಾಡಿ, ಪ್ರತಿ ಬಸ್ಸಿಗೂ ಎರಡೆರಡು ಟ್ರಿಪ್ಪು ಹಚ್ಚಿ, ಖಾಲಿ ಓಡಾಟ ತಪ್ಪಿಸಿ ಖರ್ಚನ್ನು ಅರ್ಧಕ್ಕೆ ತಂದಿದ್ದು ಇದೇ ಮೇಲ್ವಿಚಾರಕ. ಆಡಳಿತ ಮಂಡಳಿಯ ಸಭೆಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದ್ದರಂತೆ. ಆಗ ಕೆಲಸ ಕಳೆದುಕೊಂಡ ಇಬ್ಬರು ಚಾಲಕರಲ್ಲಿ ಒಬ್ಬ ಊರು ಬಿಟ್ಟಿದ್ದ. ಇನ್ನೊಬ್ಬ, ಮಕ್ಕಳು 'ಪೋಂ ಪೋಂ ಮಾಮ' ಎಂದು ಕರೆಯುತ್ತಿದ್ದವನು, ಭಾನುವಾರ ಮಧ್ಯಾಹ್ನ ಗೇಟಿನ ಬಳಿ ಸುಳಿದಾಡಿದ್ದನ್ನು ಕಾವಲುಗಾರ ನೋಡಿದ್ದ.

"ಇನ್ನೇನು ಹುಡುಕ್ತೀರಿ ಸಾರ್, ಎತ್ತಾಕ್ಕೊಂಡು ಹೋಗಿ," ಎಂದರು ಕಾರ್ಯದರ್ಶಿ.

ಮೇಲ್ವಿಚಾರಕ ಪಕ್ಕದಲ್ಲೇ ಇದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಸಾಕ್ಷಿಗೆಂದು ಕರೆಸಿದ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಬಸ್ಸಿನಡಿಯಿಂದ ಹೊರಬಂದ ಮೆಕ್ಯಾನಿಕ್ ಮೂರೂ ಟ್ಯಾಂಕಿನಲ್ಲಿ ಇರುವುದು ಬರೀ ನೀರು ಎಂದ. ಮುಚ್ಚಳಗಳ ಬೀಗ ಹೊಸವು, ಒಂದನ್ನೂ ಮುರಿದಿಲ್ಲ. ಹಾಗಾದರೆ ಡೀಸೆಲ್ ಎಲ್ಲಿ? ಕಳ್ಳ ಹೊತ್ತೊಯ್ದಿರಬೇಕೆಂದು ದಫೇದಾರ ಬರೆದುಕೊಳ್ಳುತ್ತಿರುವಾಗ, ಹಳೆ ಟೈರುಗಳ ಕೋಣೆಯಲ್ಲಿ ಒಂದು ಡ್ರಮ್ಮು ಸಿಕ್ಕಿತು. ಒಳಗೆ ಕತ್ತಿನವರೆಗೆ ಡೀಸೆಲ್. ಮುಚ್ಚಳ ಬಿಗಿಯಾಗಿತ್ತು. ಪಕ್ಕದಲ್ಲಿ ಸೋಸಲು ಬಳಸಿದ ಬಟ್ಟೆ, ಅದರಾಚೆ ಬೆಂಕಿ ಆರಿಸುವ ಮರಳಿನ ಬಕೆಟ್ಟು. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ.

"ಆಮೇಲೆ ಬಂದು ಒಯ್ಯೋಣ ಅಂತ ಇಟ್ಟಿರ್ತಾನೆ ಸಾರ್," ಎಂದ ದಫೇದಾರ.

"ಮರಳಿನ ಬಕೆಟ್ಟು?"

ದಫೇದಾರ ಬಗ್ಗಿ ಬಕೆಟ್ಟಿನೊಳಗೆ ನೋಡಿದ. ಮುಚ್ಚಳದ ಮೇಲಿನ ಬೆರಳಚ್ಚು ತೆಗೆಸಿ, ಮೂರು ಬಸ್ಸನ್ನೂ ಡ್ರಮ್ಮನ್ನೂ ಜಪ್ತಿ ಮಾಡಲು ಇನ್‌ಸ್ಪೆಕ್ಟರ್ ಹೇಳಿದರು. ಜಪ್ತಿ ಎಂಬ ಮಾತು ಕಿವಿಗೆ ಬಿದ್ದಾಗ ಮೇಲ್ವಿಚಾರಕ ತಡೆದುಕೊಂಡಿದ್ದ ಉಸಿರನ್ನು ಬಿಟ್ಟ ಹಾಗೆ ಅವರಿಗೆ ಅನಿಸಿತು. ಆಗ ಅದಕ್ಕೆ ಅರ್ಥ ಹಚ್ಚಲಿಲ್ಲ.

ಉಳಿದ ಬರವಣಿಗೆ ಮುಗಿಸಲು ಎಲ್ಲರೂ ಮೇಲ್ವಿಚಾರಕನ ಕಿಟಕಿಯಿಲ್ಲದ ಪುಟ್ಟ ಕೋಣೆಗೆ ಹೋದರು. ಪಂಚರು ಸಹಿ ಹಾಕಿ ಎದ್ದರು. ಹೊರಡುವಾಗಿನ ಅಭ್ಯಾಸದಂತೆ ಮೇಲ್ವಿಚಾರಕ ಫ್ಯಾನು, ದೀಪ ಎರಡನ್ನೂ ಆರಿಸಿದ.

"ನಾನಿನ್ನೂ ಒಳಗಿದ್ದೀನಿ ಸ್ವಾಮಿ," ಕತ್ತಲಿಂದ ದಫೇದಾರನ ದನಿ ಬಂತು. "ನನ್ನನ್ನೂ ಆಫ್ ಮಾಡಿಬಿಟ್ರಾ?"

ಮೇಲ್ವಿಚಾರಕ ನಾಚಿ ಮತ್ತೆ ದೀಪ ಹಾಕಿದ. ಫ್ಯಾನು ಹಾಕಲಿಲ್ಲ.

ಹನ್ನೊಂದು ಗಂಟೆಗೆ ಪೋಂ ಪೋಂ ಮಾಮನನ್ನು ಠಾಣೆಗೆ ಕರೆತಂದರು. ಅವನ ಹೆಂಡತಿ ಹಿಂದೆಯೇ ಓಡಿಬಂದು ಕಾಂಪೌಂಡಿಗೆ ಆತು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಅಷ್ಟು ಹೊತ್ತಿಗೆ ಮೇಲಧಿಕಾರಿಯ ಎರಡು ಫೋನು ಬಂದಿದ್ದವು: ಸಂಜೆಯೊಳಗೆ ಒಬ್ಬ ಆರೋಪಿ ಬೇಕು.

"ನಿನ್ನೆ ಶಾಲೆ ಹತ್ರ ಯಾಕೆ ಹೋಗಿದ್ದೆ?"

"ಕೆಲಸ ಕೇಳೋಕೆ ಸಾರ್."

"ಭಾನುವಾರ ಯಾರಿರ್ತಾರೆ ಅಲ್ಲಿ?"

"ದಿನಾ ಹೋಗ್ತೀನಿ. ನಿನ್ನೆ ಭಾನುವಾರ ಅನ್ನೋದು ಮರೆತೇ ಹೋಗಿತ್ತು."

"ಬೀಗದ ಕೈ ಇತ್ತಾ ನಿನ್ನ ಹತ್ರ?"

ಹಳೆಯ ಬೀಗದ್ದು ಇನ್ನೂ ಇದೆ ಎಂದು ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಯಾರೂ ವಾಪಸ್ ಕೇಳಿರಲಿಲ್ಲ, ಅವನಿಗೂ ಕೊಡಲು ಮನಸ್ಸು ಬಂದಿರಲಿಲ್ಲ. ಅದು ಈಗಿನ ಬೀಗಗಳಿಗೆ ಹಿಡಿಸುವಂಥದ್ದಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ನೋಡಿದ ಕೂಡಲೇ ತಿಳಿಯಿತು. ಕಿಟಕಿಯಾಚೆ ಹೆಂಡತಿಯನ್ನು ನೋಡುತ್ತಿದ್ದ ಚಾಲಕ ಇದ್ದಕ್ಕಿದ್ದಂತೆ ದನಿ ತಗ್ಗಿಸಿದ.

"ನಾನೇ ಮಾಡಿದೆ ಅಂತ ಒಪ್ಕೊಂಡ್ರೆ ಸಂಜೆಗೆ ಬಿಡ್ತೀರಾ ಸಾರ್? ನಾಳೆ ಒಂದು ಕಡೆ ಲಾರಿ ಓಡಿಸೋಕೆ ಬಾ ಅಂದಿದ್ದಾರೆ. ತಪ್ಪಿಸ್ಕೊಂಡ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ."

ದಫೇದಾರ ಪೆನ್ನು ಎತ್ತಿಕೊಂಡ. ಇನ್‌ಸ್ಪೆಕ್ಟರ್ ಕೈಯಾಡಿಸಿ ತಡೆದರು.

"ನೀನೇ ಮಾಡಿದ್ದಿದ್ರೆ ಡೀಸೆಲ್ ಏನು ಮಾಡ್ತಿದ್ದೆ?"

ಅವನು ಪ್ರಶ್ನೆ ಅರ್ಥವಾಗದವನಂತೆ ನೋಡಿದ. "ಏನು ಮಾಡ್ತಿದ್ದೆ... ಅಷ್ಟು ಸಿಟ್ಟಲ್ಲಿ? ನೆಲಕ್ಕೆ ಸುರೀತಿದ್ದೆ. ಇಲ್ಲಾ ಮಾರ್ಕೊಂಡು ಅಕ್ಕಿ ತರ್ತಿದ್ದೆ."

ಇನ್‌ಸ್ಪೆಕ್ಟರ್ ಎದ್ದು ಹೊರಗೆ ಬಂದು ಜಗಲಿಯಲ್ಲಿ ನಿಂತರು. ಸಿಟ್ಟಿದ್ದವನು ಸುರಿಯುತ್ತಾನೆ, ಹಸಿದವನು ಮಾರುತ್ತಾನೆ. ಸೋಸಿ, ಮುಚ್ಚಿ, ಪಕ್ಕದಲ್ಲಿ ಮರಳಿಟ್ಟು ಕಾಪಾಡುವವನು ಯಾರು? ಹಾಳು ಮಾಡುವಾಗಲೂ ಏನೂ ಹಾಳಾಗಬಾರದು ಎಂದುಕೊಳ್ಳುವವನು. ಆರಿದ ಫ್ಯಾನು ಕಣ್ಣ ಮುಂದೆ ಬಂತು.

ಮೂರು ಗಂಟೆಗೆ ಮೇಲ್ವಿಚಾರಕನನ್ನು ಕರೆಸಿದರು.

"ಟ್ಯಾಂಕಿನ ಬೀಗ ಬದಲಾಯಿಸಿದ್ದು ಯಾವಾಗ?"

"ಎರಡು ತಿಂಗಳಾಯ್ತು. ಡೀಸೆಲ್ ಕಳವಾಗ್ಬಾರ್ದು ಅಂತ."

"ಕೀ ಎಷ್ಟು?"

"ಮೂರಕ್ಕೂ ಸೇರಿ ಒಂದೇ."

"ಯಾರ ಹತ್ರ?"

ಆತನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು. ಡ್ರಮ್ಮಿನ ಮುಚ್ಚಳದ ಬೆರಳಚ್ಚಿನ ವರದಿ ನಾಳೆ ಬರುತ್ತದೆ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ತಿಳಿಸಿದರು. ಅಲ್ಲಿಯವರೆಗೆ ಪಕ್ಕದ ಕೋಣೆಯಲ್ಲಿರುವವನು ಒಳಗೇ ಇರುತ್ತಾನೆ, ಹೊರಗಿರುವವಳು ಹೊರಗೇ ನಿಂತಿರುತ್ತಾಳೆ.

"ಚೆಲ್ಲೋಕೆ ಕೈ ಬರ್ಲಿಲ್ಲ ಸಾರ್," ಎಂದ ಮೇಲ್ವಿಚಾರಕ.

ಆಮೇಲೆ ಕೇಳಬೇಕಾದ್ದೇ ಇರಲಿಲ್ಲ, ಕಟ್ಟೆ ಒಡೆದ ಹಾಗೆ ಹೇಳುತ್ತ ಹೋದ. ಎರಡೆರಡು ಟ್ರಿಪ್ಪು ಶುರುವಾದ ಮೇಲೆ ಚಾಲಕರು ನಸುಕಿಗೆ ಮೊದಲೇ ಏಳಬೇಕಿತ್ತು. ರಾತ್ರಿ ಬಸ್ಸು ತೊಳೆಯುವ ಕೆಲಸವೂ ಅವರದೇ. ಕಳೆದ ಬುಧವಾರ ಅವನ ಒಂಬತ್ತು ವರ್ಷದ ಮಗಳು ಊಟಕ್ಕೆ ಕೂತು ನಗುತ್ತ ಹೇಳಿದ್ದಳು: ಡ್ರೈವರ್ ಅಂಕಲ್ ಕಣ್ಣು ಮುಚ್ಚಿ ಆಟ ಆಡ್ತಾರೆ ಅಪ್ಪಾ, ಬಸ್ಸು ಕಾಲುವೆ ಕಡೆಗೆ ಹೋಗುತ್ತೆ, ನಾವೆಲ್ಲ ಕೂಗಿದ್ರೆ ವಾಪಸ್ ಬರುತ್ತೆ. ಎಷ್ಟು ಸಲ ಎಂದು ಕೇಳಿದ್ದಕ್ಕೆ, ದಿನಾ ಎಂದಿದ್ದಳು.

ಮರುದಿನವೇ ಕಾರ್ಯದರ್ಶಿಗೆ ಹೇಳಿದ್ದ. ಶುಕ್ರವಾರ ಮತ್ತೆ, ಶನಿವಾರ ಕೈಮುಗಿದು. ಮೂರರಲ್ಲಿ ಆಗುತ್ತೆ ಅಂತ ಮಾಡಿ ತೋರಿಸಿದವರು ನೀವೇ ಅಲ್ವಾ, ಈಗ ಆಗಲ್ಲ ಅಂದ್ರೆ ಹೇಗೆ ಎಂದು ಅವರು ನಕ್ಕುಬಿಟ್ಟಿದ್ದರು.

"ಮಗಳನ್ನ ಬಸ್ಸಿಂದ ಬಿಡಿಸ್ಬಹುದಿತ್ತಲ್ಲ?"

"ನನ್ನ ಮಗಳನ್ನ ಮಾತ್ರ ಬಿಡಿಸಿ, ಉಳಿದವರನ್ನ ನಾನೇ ಹತ್ತಿಸಿ ಕಳಿಸ್ಲಾ ಸಾರ್?" ಆತ ಮುಖ ಒರೆಸಿಕೊಂಡ. "ಕೇಸಾದ್ರೆ ಬಸ್ಸು ಜಪ್ತಿ ಆಗುತ್ತೆ, ಕೆಲವು ದಿನ ಓಡಲ್ಲ. ಅಷ್ಟರಲ್ಲಿ ತೆಗೆದುಹಾಕಿದ ಎರಡನ್ನ ವಾಪಸ್ ತರ್ತಾರೆ ಅಂದ್ಕೊಂಡೆ."

"ಅವನ ಹೆಸರು ಬಂದಾಗ ಯಾಕೆ ಸುಮ್ಮನಿದ್ರಿ?"

ಆತ ಪಕ್ಕದ ಕೋಣೆಯ ಗೋಡೆಯತ್ತ ನೋಡಿದ. "ನಾನು ಒಳಗೆ ಬಂದ್ರೆ ಮಕ್ಕಳ ಪರ ಮತ್ತೆ ಹೇಳೋಕೆ ಶಾಲೇಲಿ ಯಾರೂ ಇರಲ್ಲ ಅಂತ," ಎಂದ. "ಅವನ ಕೆಲಸ ತೆಗೆಸಿದವನೂ ನಾನೇ. ಎರಡು ಸಲ ಹಾಳು ಮಾಡಿದೆ ಅವನನ್ನ."

ನಾಲ್ಕೂ ಹತ್ತಕ್ಕೆ ಬಂಧನ ದಾಖಲಾಯಿತು. ಪೋಂ ಪೋಂ ಮಾಮ ಹೊರಟ. ಬಾಗಿಲಲ್ಲಿ ಮೇಲ್ವಿಚಾರಕ ಎದುರಾದಾಗ ಇಬ್ಬರೂ ತಲೆ ತಗ್ಗಿಸಿದರು. ಕಾಂಪೌಂಡಿನ ಬಳಿ ಹೆಂಡತಿ ಅವನ ತೋಳು ಮುಟ್ಟಿ ಮುಟ್ಟಿ ನೋಡಿದಳು. ಹೊಡೆದಿಲ್ಲ ಕಣೇ ಎಂದು ಅವನೇ ಅವಳನ್ನು ಸಮಾಧಾನ ಮಾಡುತ್ತಿದ್ದ.

ಆರು ಗಂಟೆಗೆ ಕಾರ್ಯದರ್ಶಿಯ ಫೋನು ಬಂತು. ಬಂಧನದ ಸುದ್ದಿಗೆ ಅವರು ಅಚ್ಚರಿಪಟ್ಟರು. ಆದರೆ ದನಿಯಲ್ಲಿ ಕಳವಳವಿರಲಿಲ್ಲ. ನಾಳೆಯಿಂದ ಮಕ್ಕಳಿಗೆ ತೊಂದರೆಯಿಲ್ಲ, ಬೇರೆ ವ್ಯವಸ್ಥೆಯಾಗಿದೆ ಎಂದರು.

"ಬಾಡಿಗೆಗೆ ಎರಡು ದೊಡ್ಡ ಬಸ್ಸು ಸಿಕ್ಕಿದೆ ಸಾರ್. ನಮ್ಮ ಡ್ರೈವರುಗಳೇ ಓಡಿಸ್ತಾರೆ. ಮೂರು ಮೂರು ಟ್ರಿಪ್ಪು ಹೊಡೆದ್ರೆ ಎಲ್ಲಾ ಮಕ್ಕಳೂ ಹಿಡೀತಾರೆ. ಇಷ್ಟು ದಿನ ಮೂರು ಬಸ್ಸು ಯಾಕೆ ಇಟ್ಕೊಂಡಿದ್ವೋ."

ಠಾಣೆ ಚಿಕ್ಕದು, ಲಾಕಪ್ಪು ಎದುರಿಗೇ ಇತ್ತು. ಮೇಲ್ವಿಚಾರಕ ಸರಳು ಹಿಡಿದು, ಫೋನಿನಿಂದ ಬಂದ ಮಾತೆಲ್ಲ ಕೇಳುತ್ತ ನಿಂತಿದ್ದ.

ವರದಿಯಲ್ಲಿ ಉದ್ದೇಶದ ಮುಂದೆ ದಫೇದಾರ 'ಆಡಳಿತ ಮಂಡಳಿಯ ಮೇಲಿನ ದ್ವೇಷ' ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ, 'ಮಕ್ಕಳ ಪ್ರಾಣದ ಬಗ್ಗೆ ಇದ್ದ ಭಯ' ಎಂದು ಬರೆದರು.

"ಸಾರ್," ಎಂದ ಮೇಲ್ವಿಚಾರಕ. "ಬೆಳಗ್ಗೆ ಕಾಲುವೆ ತಿರುವಲ್ಲಿ ಯಾರನ್ನಾದ್ರೂ ನಿಲ್ಲಿಸ್ತೀರಾ?"

"ನಾನೇ ನಿಲ್ತೀನಿ."

"ನಾಳೆ ನಿಲ್ತೀರಿ. ನಾಡಿದ್ದು?"

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಪೆನ್ನಿನ ಮುಚ್ಚಳ ಹುಡುಕುತ್ತ ಕೂತರು.