ನಾಗಕನ್ಯೆಯ ಬಲಗಡೆ ಹೂ

ಉಳಿಯ ಮೊನೆ ನನ್ನ ಗಂಟಲಿನಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಓಡಬಹುದಿತ್ತಲ್ಲ, ಅಂತೀರಾ? ಹೇಗೆ ಓಡಲಿ... ಕುತ್ತಿಗೆಯಿಂದ ಕೆಳಗೆ ನಾನು ಹಾವು!

ರಾಯದುರ್ಗದ ಎಗ್ಜಿಬಿಷನ್. ಜೈಂಟ್ ವೀಲ್ ಪಕ್ಕದ ಡೇರೆ. ಹೊರಗೆ ಬೋರ್ಡು: ಮಾತಾಡುವ ನಾಗಕನ್ಯೆ. ಒಳಗೆ, ಹಲಗೆಯ ತೂತಿನಿಂದ ಹೊರಬಂದ ನನ್ನ ತಲೆ. ತಲೆಗೆ ಹೊಂದಿಸಿಟ್ಟ ರೆಕ್ಸಿನ್ ಹಾವಿನ ಸುರುಳಿ. ಕೆಳಗೆ ಓರೆಯಾಗಿ ನಿಲ್ಲಿಸಿದ ಕನ್ನಡಿ. ಅದರ ಹಿಂದೆ, ಯಾರಿಗೂ ಕಾಣದಂತೆ, ನನ್ನ ಕೈಕಾಲು. ಹಲಗೆಯ ಚಿಲಕ ನನ್ನ ಬೆನ್ನ ಹಿಂದೆ, ಹೊರಗಡೆಯಿಂದ. ಅದನ್ನು ಹಾಕಿದವನು ಡೇರೆಯ ಮಾಲೀಕ ಉಜ್ಜಿನಪ್ಪ, ಮಡಕಶಿರದವನು.

"ಅಲ್ಲಾಡ್ಬ್ಯಾಡ ಕಣಮ್ಮ, ಒಂದ್ ಟೀ ಕುಡ್ಕಂಡ್ ಬತ್ತೀನಿ" ಅಂದು ಹೋದವನು ಇನ್ನೂ ಬಂದಿರಲಿಲ್ಲ.

ನಾನು ಸುನೀತಾ. ಕಳೆದದ್ದನ್ನು ಹುಡುಕಿಕೊಡುವುದು, ಕಳೆಯಬಾರದ್ದನ್ನು ಕಾಯುವುದು... ಇದು ನನ್ನ ಕಸುಬು. ಸ್ಟೇಷನ್ನಿನಲ್ಲಿ ಹೇಳಲಾಗದ್ದನ್ನು ಈ ಊರಿನವರು ನನ್ನ ಹತ್ತಿರ ಹೇಳುತ್ತಾರೆ.

ಈ ಸಲ ಹೇಳಿದವಳು ಚೌಡಕ್ಕ. ತೊಗಲುಗೊಂಬೆ ಆಡಿಸುವವಳು. ನಾಗಕನ್ಯೆಯ ಡೇರೆಗೆ ಎದುರಿಗೇ ಅವಳ ಆರ್ಟ್ ಸ್ಟಾಲ್. ಸ್ಟಾಲಿನ ನಡುವೆ ಮೊಳೆ ಹೊಡೆದು ನಿಲ್ಲಿಸಿದ ಆಳೆತ್ತರದ ಹನುಮಂತನ ಗೊಂಬೆ, ಅವಳ ಮಾವನ ಕೈಯಲ್ಲಿ ಅರಳಿದ್ದು. ಶನಿವಾರ ನೇಮಕಲ್ಲಿನಲ್ಲಿ ಆಟ. ಹನುಮಂತ ಎದ್ದು ಕುಣಿಯದೆ ಅವರ ಆಟ ಶುರುವಾಗುವುದಿಲ್ಲ. ಮೊಬೈಲು ಬಂದ ಮೇಲೆ ಅವಳಿಗೆ ಉಳಿದಿದ್ದೇ ಆ ಒಂದು ಆಟ. ಗೊಂಬೆಯನ್ನು ಯಾರೋ ಕದಿಯುತ್ತಾರೆ ಎಂದಳು. ಯಾರು ಎಂದರೆ ಬಾಯಿ ಬಿಡಲಿಲ್ಲ.

ನಾಗಕನ್ಯೆಯಾಗುತ್ತಿದ್ದ ರಾಧಾ ಜ್ವರ ಬಂದು ಊರಿಗೆ ಹೋಗಿದ್ದಳು. ಕಾವಲಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು, ಹೆಡೆಯಾಕಾರದ ಕಿರೀಟದ ಎರಡೂ ಕಡೆ ಸೇವಂತಿಗೆ ಸಿಕ್ಕಿಸಿಕೊಂಡು ಕೂತೆ. ಎಂಥ ಜಾಣತನ!

ಊಟದ ಹೊತ್ತು. ಜನ ಇಲ್ಲ. ಚೌಡಕ್ಕ ಬಿಂದಿಗೆ ಹಿಡಿದು ನೀರಿಗೆ ಹೋದಳು.

ಅವನು ಬಂದ.

ಸ್ಟಾಲಿಗೆ ನುಗ್ಗಿದ. ಉಳಿಯಿಂದ ಮೊಳೆ ಮೀಟಿದ. ಮೀಟಲು ಬಾರದ್ದನ್ನು ಎಳೆದ... ತೊಗಲು ಪರ್ರೆಂದು ಸೀಳಿತು. ನಾನು ಕೂಗಿದೆ. ಜೈಂಟ್ ವೀಲಿನ ಜನರೇಟರ್ ನನಗಿಂತ ಜೋರಾಗಿ ಕೂಗುತ್ತಿತ್ತು. ಒಳಗಿನಿಂದ ಹಲಗೆ ಗುದ್ದಿದೆ. ಜಗ್ಗಲಿಲ್ಲ. ಕಣ್ಣೆದುರೇ ಕಳ್ಳತನ. ನನ್ನ ಹತ್ತಿರ ಇದ್ದದ್ದು ಒಂದು ತಲೆ.

ನನ್ನ ಕೂಗಿಗೆ ಒಬ್ಬನೇ ತಿರುಗಿ ನೋಡಿದ. ಕಳ್ಳ!

ಗೊಂಬೆಯನ್ನು ಚಾಪೆಯಲ್ಲಿ ಸುತ್ತಿಕೊಂಡು, ಉಳಿ ಮುಂದೆ ಮಾಡಿ ಡೇರೆಯೊಳಗೆ ಬಂದ. ಹತ್ತಿರ ಬಂದಾಗ ಗುರುತು ಸಿಕ್ಕಿತು. ಮಾರೇಶ. ಚೌಡಕ್ಕನ ಮೈದುನನ ಮಗ. ಮನೆ ಪಾಲಾದಾಗ ರಾವಣನ ಗೊಂಬೆಗಳ ಪೆಟ್ಟಿಗೆ ಇವನ ಕಡೆಗೆ, ಹನುಮಂತ ಅವಳ ಕಡೆಗೆ.

ನನ್ನ ಮುಖ ನೋಡಿದ. ಉಳಿ ಇಳಿಸಿದ. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ...

"ಆಡಿಸೋ ದೇವರನ್ನ ದೊಡ್ಡವ್ವ ಕ್ಯಾಲೆಂಡರ್ ಮಾಡ್ಯಾಳ ತಾಯಿ. ಮೊಳಿ ಹೊಡದು ಟ್ಯೂಬ್‌ಲೈಟಿನ ಕೆಳಗ ನಿಲ್ಸ್ಯಾಳ. ಬಿಡಿಸ್ಕೊಂಡು ಹೋಗಾಕ ಬಂದೆ. ಮುಖ ಸೀಳಿಬಿಡ್ತು."

ಚಾಪೆ ಬಿಚ್ಚಿದ. ಗಲ್ಲದಿಂದ ಕಿವಿಯವರೆಗೆ ಸೀಳು.

"ಮುಖ ಸೀಳಿದ ಗೊಂಬಿ ಪೆಟ್ಟಿಗಿಗೆ ಹೋಗಂಗಿಲ್ಲ. ಕರ್ಪೂರ ಹಚ್ಚಿ ನೀರಿಗೆ ಬಿಡಬೇಕು. ಬೊಮ್ಮನಹಾಳ್ ಕಾಲುವಿಗೆ ನೀರು ಬಂದೈತಿ. ಬಿಡ್ಲಾ?"

ದನಿ ಗಟ್ಟಿ ಮಾಡಿಕೊಂಡೆ. ನಾನು ತಾಯಿಯೂ ಅಲ್ಲ, ನಾಗಮ್ಮನೂ ಅಲ್ಲ, ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಸುನೀತಾ, ಗೊಂಬೆ ಇಟ್ಟು ನಡಿ ಎಂದೆ.

ಅವನು ನಕ್ಕ. "ಗೊತ್ತೈತವ್ವ. ಕನ್ನಡಿ ಹಿಂದ ನಿನ್ನ ಕಾಲು ಅದಾವು. ನಾನೂ ಆಟದವನ. ಆದ್ರ ಬಣ್ಣ ಇಳಿಸೋ ತನಕ ನೀ ನಾಗಮ್ಮನ. ಪರದಿ ಹಿಂದ ನಾ ಎತ್ತಿ ಹಿಡಿದಾಗ ಇದೇನು ಬರೇ ತೊಗಲಾ?"

ಕನ್ನಡಿ ಹಿಂದೆ ಕಾಲು ಮಡಚಿಕೊಂಡೆ.

ಹೂವಿನ ಅಪ್ಪಣೆ ಕೇಳುತ್ತೇನೆಂದು ಕೈಮುಗಿದು ಕೂತ. ಬಲಗಡೆ ಹೂ ಬಿದ್ದರೆ ಗೊಂಬೆ ನೀರಿಗೆ. ಎಡಗಡೆ ಬಿದ್ದರೆ ದೊಡ್ಡವ್ವನ ಕೈಗೆ. ನಮ್ಮ ಕಡೆ ಗುಡಿಗಳಲ್ಲಿ ಮದುವೆ, ಬೋರ್‌ವೆಲ್ಲು ಎಲ್ಲವೂ ತೀರ್ಮಾನವಾಗುವುದು ಹೀಗೆಯೇ.

ಬೇಡ ಎಂದೆ. ಬೇಡವೇ ಬೇಡ ಎಂದೆ. ನನ್ನಲ್ಲಿ ಅಲ್ಲಾಡುತ್ತಿದ್ದದ್ದು ತಲೆಯೊಂದೇ. ಅದನ್ನೇ ಜೋರಾಗಿ ಆಡಿಸಿದೆ. ಆ ಕಡೆ, ಈ ಕಡೆ...

ಹೂ ಬಿತ್ತು.

ಬಲಗಡೆ.

ಮೆಲ್ಲಗೆ ಎಡಕ್ಕೆ ವಾಲಿಸಿದ್ದರೆ ಸಾಕಿತ್ತು. ಆ ಬುದ್ಧಿ ಆಮೇಲೆ ಬಂತು. ಬೇಡ ಅಂದೆನಲ್ಲೋ ಎಂದು ಅರಚಿದೆ.

"ಮಾತು ನಿಂದವ್ವ," ಅಂದ ಮಾರೇಶ, ಹೂ ಕಣ್ಣಿಗೊತ್ತಿಕೊಂಡು. "ಹೂ ನಾಗಮ್ಮಂದು."

ಹೊರಗೆ ಬೈಕ್ ಸ್ಟಾರ್ಟ್ ಆಯಿತು. ನಾನು ಕನ್ನಡಿಗೆ ಒದ್ದೆ. ಇನ್ನೊಮ್ಮೆ ಒದ್ದೆ. ಒಡೆಯಿತು. ನನ್ನ ಎರಡು ಕಾಲೂ ಲೋಕಕ್ಕೆ ಕಂಡವು. ನೋಡಲು ಯಾರೂ ಇರಲಿಲ್ಲ.

ಉಜ್ಜಿನಪ್ಪ ಬಂದು ಮೊದಲು ಕನ್ನಡಿಗೆ ಅತ್ತ. ಆಮೇಲೆ ಚಿಲಕ ತೆಗೆದ. ಅವನ ಮೊಪೆಡ್ ಕಿತ್ತುಕೊಂಡು ಹಾರಿದೆ. ಲಾರಿ, ಎತ್ತಿನ ಗಾಡಿ, ಮೆಣಸಿನಕಾಯಿ ಟ್ರಾಕ್ಟರು... ಎಲ್ಲವನ್ನೂ ಹಿಂದೆ ಹಾಕಿದೆ. ಮಾರೇಶನನ್ನು ಬಿಟ್ಟು. ಹಸಿರು ಮುಖ, ತಲೆಯ ಮೇಲೆ ಹೆಡೆ. ದಾರಿ ಬಿಡಿ ಎಂದು ನಾನು ಕೂಗಿದರೆ ಹೊಲದ ಹೆಂಗಸರು ದಾರಿಗೆ ಬಂದು ಕೈಮುಗಿಯುತ್ತಿದ್ದರು! ಪ್ರತಿ ಊರಿನಲ್ಲೂ ಬ್ರೇಕ್ ಹಾಕಿದೆ.

ಕಾಲುವೆಯ ದಡದಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. ಮಾರೇಶ ಎದೆಮಟ್ಟದ ನೀರಿನಲ್ಲಿ ನಿಂತಿದ್ದ, ಬರಿಗೈಯಲ್ಲಿ. ನಡುನೀರಿನಲ್ಲಿ ಹನುಮಂತ, ಅಂಗಾತ. ದಡದುದ್ದಕ್ಕೂ ಓಡಿದೆ. ನನಗೆ ಈಜು ಬರುವುದಿಲ್ಲ. ತೂಬಿನ ಬಾಯಲ್ಲಿ ನೀರಿನ ರಭಸಕ್ಕೆ ಗೊಂಬೆ ಒಮ್ಮೆ ನೆಟ್ಟಗೆ ಎದ್ದು ನಿಂತಿತು. ಕೈ ಮೇಲೆತ್ತಿತು. ಆಟ ಶುರುವಾದ ಹಾಗೆ...

ಒಳಗೆ ಹೋಯಿತು.

ಚೌಡಕ್ಕನ ಸ್ಟಾಲಿಗೆ ಬರಿಗೈಯಲ್ಲಿ ಬಂದು ನಿಂತೆ. ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಗೊಂಬೆಯ ಕಣ್ಣು ಸೀಳದೆ ಉಳಿದಿತ್ತಾ ಎಂದು ಮಾತ್ರ ಕೇಳಿದಳು. ಉಳಿದಿತ್ತು ಎಂದೆ.

"ಕಣ್ಣು ಉಳಿದಿದ್ರ ಹೊಲೀಬೋದಿತ್ತು. ಅವಗ ಹೊಲಿಗಿ ಕಲಿಸೋದ್ರೊಳಗ ಮನಿ ಪಾಲಾತು."

ಖಾಲಿ ಮೊಳೆಗಳ ಮೇಲೆ ಕೈಯಾಡಿಸಿದಳು. ಆಮೇಲೆ ಹೂ ಯಾವ ಕಡೆ ಬಿತ್ತು ಎಂದಳು.

"ಬಲಗಡೆ."

ಮೊಳೆಗಳಿಗೆ ಕೈಮುಗಿದಳು. "ಮತ್ತ ನೀ ಏನ್ ಮಾಡ್ತಿ, ಬಿಡು."

ನಿಜ. ನಾನು ಏನೂ ಮಾಡಿರಲಿಲ್ಲ... ತಲೆ ಆಡಿಸಿದ್ದೆ, ಅಷ್ಟೇ.