ಗೂಬೆಯ ಕಣ್ಣಿನ ಪಕ್ಕದ ಗಾಯ

ಅವರು ಮೊದಲ ಸಲ ನಮ್ಮ ನಾಣ್ಯದಂಗಡಿಗೆ ಬಂದಾಗ ಬೆಳ್ಳಿ ನಾಣ್ಯವೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಪುರಾತನ ಗ್ರೀಕರದ್ದು. ಒಂದು ಕಡೆ ದೇವಿಯ ಮುಖ, ಇನ್ನೊಂದು ಕಡೆ ಗೂಬೆ.

ಭೂತಗನ್ನಡಿ ಹಿಡಿದೆ. ಎರಕ ಹೊಯ್ದ ನಕಲಿಯಾಗಿದ್ದರೆ ಅಂಚಿನ ಸುತ್ತ ಸಣ್ಣ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿ ಕಾಣುತ್ತವೆ. ಇದರಲ್ಲಿ ಅಂಥದ್ದೇನೂ ಇರಲಿಲ್ಲ. ಗೂಬೆಯ ಕಣ್ಣಿನ ಪಕ್ಕ, ಹಿಂದೆಂದೋ ಯಾರೋ ಬೆಳ್ಳಿ ಪರೀಕ್ಷಿಸಲು ಹಾಕಿದ ಉಳಿಯ ಗಾಯ, ಅಷ್ಟೆ. ಅಸಲಿ ಎಂದೆ. ತಲೆ ಎತ್ತಿದರೆ ಅವರು ನಾಣ್ಯ ಬಿಟ್ಟು ನನ್ನನ್ನು ನೋಡುತ್ತಿದ್ದರು. ಸಿಕ್ಕಿಬಿದ್ದವರಂತೆ ತಟ್ಟನೆ ಗೋಡೆ ನೋಡಿದರು. ಗೋಡೆಯ ಮೇಲೆ ಏನೂ ಇರಲಿಲ್ಲ.

ಮುಂದಿನ ವಾರ ಹತ್ತಿ ತುಂಬಿದ ಡಬ್ಬಿಯೊಂದಿಗೆ ಬಂದರು. ಇದನ್ನೂ ಒಂದು ಸಲ ನೋಡಿ ಎಂದರು. ನೋಡಿದೆ. ಇನ್ನೊಂದು ಗೂಬೆ ನಾಣ್ಯ ಅಂದುಕೊಂಡೆ. ಗೂಬೆಯ ಕಣ್ಣಿನ ಪಕ್ಕ ಅದೇ ಗಾಯ.

ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಅದು. ಆ ಕಾಲದಲ್ಲಿ ನಾಣ್ಯಗಳನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ಹೊಡೆದು ಮಾಡುತ್ತಿದ್ದರು. ಎರಡು ನಾಣ್ಯಕ್ಕೆ ಒಂದೇ ಜಾಗದಲ್ಲಿ ಒಂದೇ ಗಾಯ ಆಗುವುದಿಲ್ಲ. ಆಗಿದ್ದರೆ ಯಾರೋ ಒಂದು ನಾಣ್ಯದ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ ಎಂದೇ ಅರ್ಥ.

ಹಾಗಾದರೆ ನಾನು ಅಸಲಿ ಎಂದದ್ದು? ಇವರು ಮೋಸ ಮಾಡುವವರೋ, ಮೋಸ ಹೋದವರೋ? ಇನ್ನೊಮ್ಮೆ ನೋಡಿ ಹೇಳುತ್ತೇನೆಂದು ಹಿಂದಕ್ಕೆ ಕೊಟ್ಟೆ. ಆಮೇಲೆ ಪುಟ್ಟ ರೇಷ್ಮೆ ಚೀಲದಲ್ಲಿ ತಂದರು. ಮತ್ತೆ ಅದೇ ಗಾಯ.

ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿಸಿದೆ. ಇವರು ಬಾರದಿದ್ದರೆ ಸಾಕಪ್ಪ ಅಂದುಕೊಳ್ಳುತ್ತಲೇ ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದೆ. ನನಗೇ ನಾನು ಅರ್ಥವಾಗಲಿಲ್ಲ.

ಅಪ್ಪನಿಗೆ ವಾಸನೆ ಹತ್ತಿತು. "ನಿನ್ನ ಗೂಬೆರಾಯ ಕಳ್ಳ ಅಂದ್ರೆ ಹೇಳಿಬಿಡು ಮಗಳೇ. ಈ ಪೇಟೆಯ ಯಾವ ಅಂಗಡಿಯೂ ಅವನನ್ನ ಹೊಸಿಲು ದಾಟೋಕೆ ಬಿಡಲ್ಲ" ಎಂದರು. ಹೇಳಬೇಕಾದ ಮಾತು ಒಂದೇ. ತಕ್ಕಡಿ ಒರೆಸುತ್ತಾ ಕೂತೆ. ನೀವೂ ಒಮ್ಮೆ ನೋಡಿ ಎನ್ನುವುದಕ್ಕೂ ಭಯ. ಅಪ್ಪ ಕಣ್ಣಿಟ್ಟರೆ ಮುಗಿಯಿತಲ್ಲ.

ಮುಂದಿನ ಸಲ ಅವರು ಬೆಂಕಿಪೊಟ್ಟಣದಲ್ಲಿ ತಂದಿದ್ದರು. ಒಳಕೋಣೆಯಲ್ಲಿ ಅಪ್ಪ ಇದ್ದರು. ನಾನು ಮನಸ್ಸು ಗಟ್ಟಿ ಮಾಡಿದೆ.

"ಉಳಿದವನ್ನೂ ತೆಗೀರಿ. ಎಲ್ಲಾ ಸಾಲಾಗಿ ಇಡಿ."

"ಯಾವ ಉಳಿದವು?"

"ಇದೇ ಗಾಯ ಇರೋವು. ಎಷ್ಟು ಮಾಡಿಸಿದ್ದೀರಿ?"

ಅವರು ನನಗಿಂತ ಹೆಚ್ಚು ಗಲಿಬಿಲಿಗೊಂಡರು. "ನಮ್ಮ ತಾತ ಬಿಟ್ಟುಹೋಗಿದ್ದು ಇದೊಂದೇ ರೀ" ಎಂದರು.

"ಅಸಲಿ ಅಂತ ಹೇಳಾಯ್ತಲ್ಲ. ಮತ್ಯಾಕೆ ತಂದ್ರಿ?"

ಬೆಂಕಿಪೊಟ್ಟಣವನ್ನು ತೆರೆದರು, ಮುಚ್ಚಿದರು. "ಬರೋಕೆ ಏನಾದ್ರೂ ನೆಪ ಬೇಕಲ್ಲ. ಅದೇ ಅಂತ ಗೊತ್ತಾಗಬಾರದು ಅಂತ ಡಬ್ಬಿ ಬದಲಾಯಿಸಿದೆ. ನೀವು ಬರಬರ್ತಾ ಮುಖ ಗಂಟು ಹಾಕ್ಕೊಂಡ್ರಿ. ಇಷ್ಟ ಇಲ್ಲವೇನೋ ಅಂತ ಇವತ್ತು ಕೊನೇ ಸಲ ಬಂದೆ."

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಎರಡು ನಾಣ್ಯಕ್ಕೆ ಒಂದೇ ಗಾಯ ಆಗದು, ಸರಿ. ಒಂದೇ ನಾಣ್ಯ ಮತ್ತೆ ಮತ್ತೆ ಬಂದರೆ ಏನು ತಿಳಿಯಬೇಕೆಂದು ಅಪ್ಪ ಕಲಿಸಿರಲಿಲ್ಲ.

ಒಳಗಿನಿಂದ ಅಪ್ಪನ ದನಿ: "ಏನಮ್ಮಾ, ಅಸಲಿಯೋ ನಕಲಿಯೋ?"

"ಅಸಲಿ ಅಪ್ಪಾ" ಎಂದೆ.

ಪೊಟ್ಟಣ ತೆಗೆದು ನನ್ನ ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದೆ. ಅವರು ಕಣ್ಣು ಬಿಟ್ಟುಕೊಂಡು ನಿಂತಿದ್ದರು, ಥೇಟ್ ಆ ಗೂಬೆಯ ಹಾಗೆ.

"ಇದು ಇಲ್ಲೇ ಇರಲಿ. ನಾಳೆ ಕೈಬೀಸ್ಕೊಂಡು ಬನ್ನಿ."