ಅಮ್ಮ ಕತ್ತರಿಸಿದ ಬೆಲ್ಟು

“ಅಮ್ಮಾ, ಬೇಡ!” ಎಂದು ಗಿರಗಿಟ್ಲೆ ಕೂಗುವಷ್ಟರಲ್ಲಿ ಕಚಕ್ಕೆಂದು ಕತ್ತರಿ ಆಡಿಯೇಬಿಟ್ಟಿತು. ಪುಟ್ಟ ವಿಮಾನದ ಸೀಟ್ ಬೆಲ್ಟು ಎರಡು ತುಂಡಾಗಿ ಶೆಡ್ಡಿನ ನೆಲಕ್ಕೆ ಬಿತ್ತು.

ಒಂದು ನಿಮಿಷವೂ ಸುಮ್ಮನೆ ಕೂರದ ಹುಡುಗಿಗೆ ಮನೆಯವರಿಟ್ಟ ಹೆಸರು ಗಿರಗಿಟ್ಲೆ. ಅಮ್ಮ ವಿಮಾನದ ಮೆಕ್ಯಾನಿಕ್. ಚಿಕ್ಕಮ್ಮ ಪೈಲಟ್. ಈ ನಾಲ್ಕು ಸೀಟಿನ ವಿಮಾನದಲ್ಲಿ ಊರೂರಿಗೆ ಔಷಧಿ ಒಯ್ಯುವುದು ಅವಳ ಕೆಲಸ. ನಾಳೆ ಗಿರಗಿಟ್ಲೆಯನ್ನೂ ಒಂದು ಸುತ್ತು ಹಾರಿಸಿಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದಳು.

“ಚೆನ್ನಾಗೇ ಇತ್ತಲ್ಲಮ್ಮ! ಬಕಲ್ ಕೂಡ ಟಕ್ ಅಂತ ಬೀಳ್ತಿತ್ತು.”

“ಬಕಲ್ ಗಟ್ಟಿ, ಪಟ್ಟಿ ಲಡ್ಡು. ನೋಡಿಲ್ಲಿ.” ಅಮ್ಮ ತುಂಡನ್ನು ಮಡಿಸಿದಳು. ಬಿಸಿಲಿಗೆ ಬಣ್ಣ ಹೋದ ಅಂಚಿನಲ್ಲಿ ಎಳೆಗಳು ಪಿಸಿದು ಮೇಲೆದ್ದವು. “ಭುಜದ ಪಟ್ಟಿದೂ ಇದೇ ಕತೆ. ನಾಲ್ಕು ಸೀಟಿಗೂ ಹೊಸದು ಬರಬೇಕು. ಹತ್ತು ದಿನ ಆಗುತ್ತೆ. ಅಲ್ಲೀವರೆಗೆ ಇದು ಹಾರಲ್ಲ.”

“ಕತ್ತರಿಸಿದ್ದು ಯಾಕೆ?”

“ಇಲ್ಲಾಂದ್ರೆ ಯಾರಾದ್ರೂ ‘ಇವತ್ತೊಂದಿನ ನಡೆಯುತ್ತೆ’ ಅಂತ ಮತ್ತೆ ಹಾಕ್ಬಿಡ್ತಾರೆ.”

“ನಾನು ಇಡೀ ಕ್ಲಾಸಿಗೆ ಹೇಳ್ಬಿಟ್ಟಿದ್ದೀನಿ!”

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ನಕ್ಕಳು. “ನಿಮ್ಮಮ್ಮ ಬೇಡ ಅಂದ್ರೆ ಬ್ರಹ್ಮ ಬಂದ್ರೂ ಬೇಡ ಕಣೇ.”

ಸೋಮವಾರ ಕ್ಲಾಸಿನಲ್ಲಿ, “ಏನೇ, ಮೋಡ ಮೆತ್ತಗಿತ್ತಾ?” ಎಂದು ಎಲ್ಲರೂ ರೇಗಿಸಿದರು. ಗಿರಗಿಟ್ಲೆ ಅಮ್ಮನ ಜೊತೆ ಮಾತು ಬಿಟ್ಟಳು. ಹೊಸ ಬೆಲ್ಟುಗಳು ಬಂದವು, ಅಮ್ಮ ಕೂರಿಸಿದ್ದೂ ಆಯಿತು. “ಈ ಭಾನುವಾರ ಹೋಗ್ಬಹುದು,” ಅಂದಳು ಅಮ್ಮ. ಗಿರಗಿಟ್ಲೆ ಮುಖ ತಿರುಗಿಸಿಕೊಂಡು ಹೊರಗೆ ಓಡಿದಳು.

ಶುಕ್ರವಾರ ಸ್ಕೂಲಿನಿಂದ ಬಂದಾಗ ಚಿಕ್ಕಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಅವಳ ಭುಜದಿಂದ ಕೆಳಗೆ, ಬೆಲ್ಟಿನಷ್ಟೇ ಅಗಲದ ನೀಲಿ ಗುರುತು. ಅಮ್ಮ ಅದರ ಮೇಲೆ ಒದ್ದೆ ಬಟ್ಟೆ ಒತ್ತುತ್ತಿದ್ದಳು.

“ಏನಾಯ್ತು ಚಿಕ್ಕಮ್ಮ?”

“ಇಳಿಯೋವಾಗ ಅಡ್ಡ ದನ ಬಂತು ಕಣೇ. ತಪ್ಪಿಸೋಕೆ ಹೋಗಿ ವಿಮಾನ ಹಳ್ಳಕ್ಕೆ ಮೂತಿ ಇಟ್ಬಿಡ್ತು. ಡಾಕ್ಟರು ಎಲ್ಲಾ ನೋಡಿದ್ರು. ಇದೊಂದು ಗುರುತು, ಅಷ್ಟೇ.” ಚಿಕ್ಕಮ್ಮ ಅಮ್ಮನ ಕೈ ಹಿಡಿದಳು. “ಅಕ್ಕ, ಹಳೇ ಬೆಲ್ಟಾಗಿದ್ರೆ ನನ್ನ ಹಣೆ ಗಾಜಿಗೆ ಬಡೀತಿತ್ತು. ನೀನು ನನ್ನ ಉಳಿಸಿದೆ.”

“ಸಾಕು, ಅಲುಗಾಡಬೇಡ,” ಎಂದು ಅಮ್ಮ ಎಂದಿನಂತೆ ಗದರಿದಳು. ಆದರೆ ಅವಳ ಬೆರಳುಗಳು ನಡುಗುತ್ತಿದ್ದವು. ಎಂಥ ಬಿಗಿಯಾದ ಬೋಲ್ಟನ್ನೂ ಬಿಚ್ಚುವ ಬೆರಳುಗಳು. ಅವು ನಡುಗಿದ್ದನ್ನು ಗಿರಗಿಟ್ಲೆ ಎಂದೂ ನೋಡಿರಲಿಲ್ಲ.

“ಪುಟ್ಟೀ, ಕುಡಿಯೋಕೆ ನೀರು ಕೊಡು,” ಅಂದಳು ಚಿಕ್ಕಮ್ಮ.

ಗಿರಗಿಟ್ಲೆ ಎರಡು ಲೋಟ ತಂದಳು. ಒಂದನ್ನು ಚಿಕ್ಕಮ್ಮನ ಮುಂದಿಟ್ಟಳು. ಇನ್ನೊಂದನ್ನು ಅಮ್ಮನ ಕೈಗೆ ಕೊಟ್ಟು, “ಕೂತ್ಕೊಂಡು ಕುಡಿಯಮ್ಮ,” ಅಂದಳು. ಅಮ್ಮ ಕುಡಿದು ಮುಗಿಸುವವರೆಗೂ, ತಾನೂ ಎರಡು ಕೈಯಿಂದ ಆ ಲೋಟವನ್ನು ಹಿಡಿದೇ ನಿಂತಳು.